ಮಗು ಹೋದ ಮನೆಗೆ ಯಾರು ಬರಬೇಕು?

ಹೊಸತೊಡಕಿನ ದಿನ ಊರಿಗೆ ಫೋನ್ ಮಾಡಿದ್ದೆ. ಯಾರ್‍ಯಾರು ಬಂದಿದ್ದರು, ಸಾರಿಗೆ ಖಾರ ಎಷ್ಟಾಗಿತ್ತು ಎಂಬುದೆಲ್ಲ ಮುಗಿದ ಮೇಲೆ ಚಿಕ್ಕಮ್ಮ ಇದ್ದಕ್ಕಿದ್ದ ಹಾಗೆ ಕೇಳಿದರು: "ಅಲ್ಲ ಕಣೇ, ನಿಮ್ಮ ಕಡೆ ಮಗು ತೀರ್‍ಕೊಂಡ ಮನೆಗೆ ಪೊಲೀಸ್ರು ಬರ್ತಾರಂತಲ್ಲ? ಹೆತ್ತೋರು ಅಳ್ತಾ ಕೂತಿದ್ರೆ ಇವ್ರು ಹಾಸಿಗೆ ಬಟ್ಟೆ ಎಲ್ಲಾ ಜಾಲಾಡ್ತಾರಂತೆ. ಎಂಥಾ ಕಲ್ಲೆದೆ ಜನಾನೇ! ಅಂಥವರ ಮಧ್ಯೆ ಹೆಂಗಿರ್ತೀಯೋ ತಾಯಿ."

ಯಾರೋ ಅವರಿಗೆ ಅರ್ಧ ಸುದ್ದಿ ಮುಟ್ಟಿಸಿದ್ದರು. ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ. ಚಿಕ್ಕಮ್ಮ ಯಾವ ಮನೆಯ ವಿಷಯ ಮಾತಾಡುತ್ತಿದ್ದರೋ ಆ ಮನೆಯಲ್ಲಿ ಆವತ್ತು ನಾನೂ ಇದ್ದೆ. ಅದಕ್ಕೂ ಎಷ್ಟೋ ವರ್ಷ ಮೊದಲು ಅರಸೀಕೆರೆ ಕಡೆಯ ಇನ್ನೊಂದು ಮನೆಯಲ್ಲಿ, ಇಂಥದೇ ಇನ್ನೊಂದು ಸಾವಿನಲ್ಲಿ, ಇದೇ ಚಿಕ್ಕಮ್ಮನ ಪಕ್ಕದಲ್ಲಿ ಕೂತಿದ್ದೆ. ಎರಡನ್ನೂ ಕಣ್ಣಾರೆ ಕಂಡವಳಿಗೆ, ಎದೆ ಕಲ್ಲಾಗಿದ್ದು ಯಾವ ಮನೆಯಲ್ಲಿ ಎಂದು ಹೇಳುವ ಹಕ್ಕಾದರೂ ಇರಬೇಕು.

ಮೊದಲು ಇಲ್ಲಿಯದು. ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ನಮ್ಮ ಪಕ್ಕದ ಬೀದಿಯಲ್ಲಿ ಮಂಡ್ಯ ಕಡೆಯ ಹುಡುಗ-ಹುಡುಗಿಯ ಸಂಸಾರ. ಹೆಸರು ಬೇಡ. ಬಾಣಂತನಕ್ಕೆ ಹುಡುಗಿಯ ತಾಯಿ ಬಂದಿದ್ದರು. ಕನ್ನಡ ಬಿಟ್ಟು ಬೇರೆ ಭಾಷೆ ಬಾರದವರು. ಚಳಿಗಾಲದ ಒಂದು ಬೆಳಗ್ಗೆ ಮಗು ಏಳಲಿಲ್ಲ. ಆಂಬುಲೆನ್ಸ್, ಆಸ್ಪತ್ರೆ ಎಲ್ಲ ಆಯಿತು. ಮಧ್ಯಾಹ್ನದ ಹೊತ್ತಿಗೆ ನನಗೆ ಕರೆ ಬಂತು. ಆ ಗಳಿಗೆಗೆ ಕನ್ನಡದ ದುಭಾಷಿ ಸಿಕ್ಕಿರಲಿಲ್ಲ, ಅಜ್ಜಿಯ ಜೊತೆ ಮಾತಾಡಲು ಒಬ್ಬರು ಬೇಕಿತ್ತು.

ಬಂದವರು ಇಬ್ಬರು. ಒಬ್ಬರು ಮಕ್ಕಳ ವೈದ್ಯೆ, ಇನ್ನೊಬ್ಬರು ಸಮವಸ್ತ್ರವಿಲ್ಲದ ಪೊಲೀಸ್ ಅಧಿಕಾರಿ. ಬಾಗಿಲಲ್ಲಿ ಸಾಲಾಗಿ ಬಿಟ್ಟಿದ್ದ ಚಪ್ಪಲಿ ನೋಡಿ ಇಬ್ಬರೂ ಶೂ ಬಿಚ್ಚಿದರು. ಅಜ್ಜಿ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದರು. ಸೋಫಾ ಖಾಲಿ ಇದ್ದರೂ ವೈದ್ಯೆ ಬಂದು ಅದೇ ಚಾಪೆಯ ಅಂಚಿನಲ್ಲಿ ಕೂತರು. "ನಿಮ್ಮ ಮೊಮ್ಮಗನ ವಿಷಯ ಕೇಳಿ ತುಂಬ ಸಂಕಟವಾಯಿತು" ಎಂದರು. ಮಗುವನ್ನು ಹೆಸರು ಹಿಡಿದೇ ಕರೆದರು, ಕಷ್ಟಪಟ್ಟು ಸರಿಯಾಗಿ ಉಚ್ಚರಿಸಿದರು. ಆಮೇಲೆ ಪ್ರಶ್ನೆಗಳು. ರಾತ್ರಿ ಕೊನೆಯ ಸಲ ಹಾಲು ಕುಡಿದದ್ದು ಎಷ್ಟು ಹೊತ್ತಿಗೆ, ಮಲಗಿಸಿದವರು ಯಾರು, ಹೇಗೆ ಮಲಗಿಸಿದಿರಿ, ಕೋಣೆಯ ಹೀಟರ್ ಎಷ್ಟಕ್ಕಿತ್ತು, ಹಿಂದಿನ ವಾರ ನೆಗಡಿ ಏನಾದರೂ ಇತ್ತೇ.

ಹೇಗೆ ಮಲಗಿಸಿದಿರಿ ಎಂಬುದಕ್ಕೆ ಅಜ್ಜಿ ಬಾಯಲ್ಲಿ ಹೇಳಲಾರದೆ ಹೋದರು. ಒಂದು ಟವೆಲನ್ನು ಸುರುಳಿ ಸುತ್ತಿ, ಒಳಗೆ ಹೋಗಿ ತೊಟ್ಟಿಲಲ್ಲಿ ಇಟ್ಟು ತೋರಿಸಿದರು. ಬೆನ್ನ ಮೇಲೆ, ಹೊದಿಕೆ ಎದೆಮಟ್ಟಕ್ಕೆ, ತಲೆಗೆ ಕುಲಾವಿ. ವೈದ್ಯೆ ಕುಲಾವಿಯ ವಿಷಯವನ್ನು ಬರೆದುಕೊಂಡರು. ಅಜ್ಜಿಗೆ ಅದು ಕಂಡಿತು. "ಕುಲಾವಿ ಹಾಕಿದ್ದಕ್ಕೆ ಹಿಂಗಾಯ್ತೇನವ್ವ, ಕೇಳು" ಎಂದು ನನ್ನ ಕೈ ಹಿಡಿದರು. ಕೇಳಿದೆ. ವೈದ್ಯೆ ಪೆನ್ನು ಕೆಳಗಿಟ್ಟು ಅಜ್ಜಿಯನ್ನೇ ನೋಡುತ್ತ ಹೇಳಿದರು: "ಏನಾಯಿತೆಂದು ನಮಗಿನ್ನೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಯಾರೂ ನಿಮ್ಮ ತಲೆಗೆ ಕಟ್ಟುವುದಿಲ್ಲ."

ಆ ಮಾತನ್ನು ಕನ್ನಡಕ್ಕೆ ತರುವಾಗ ನನ್ನ ಗಂಟಲು ಕಟ್ಟಿತು. ಆ ಒಂದು ಮಾತಿಗಾಗಿ ನಮ್ಮ ದೊಡ್ಡಮ್ಮನ ಮಗಳು, ನನ್ನ ಅಕ್ಕ, ಇವತ್ತಿಗೂ ಕಾಯುತ್ತಿದ್ದಾಳೆ.

ಅಕ್ಕನ ಮಗುವಿಗೆ ಮೂರು ತಿಂಗಳಾಗಿತ್ತು. ಬೆಳಗಿನ ಜಾವ ಎದ್ದು ನೋಡಿದರೆ ತಣ್ಣಗಾಗಿತ್ತು. ಪಕ್ಕದ ಮನೆಯ ಮುದುಕಿ ಬಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿ, "ಹಾಲು ನೆತ್ತಿಗೆ ಹತ್ತಿದೆ" ಎಂದುಬಿಟ್ಟಳು. ಅಷ್ಟೇ. ಡಾಕ್ಟರನ್ನು ಕರೆಯಲಿಲ್ಲ. ಹೋದ ಮಗುವಿಗೆ ಡಾಕ್ಟರೇಕೆ? ಹಿತ್ತಲ ತೆಂಗಿನ ತೋಟದ ಬದುವಿನಲ್ಲಿ ಹನ್ನೊಂದು ಗಂಟೆಗೆಲ್ಲ ಮಣ್ಣು ಮಾಡಿ ಗಂಡಸರು ಕಾಲು ತೊಳೆದುಕೊಂಡು ಒಳಗೆ ಬಂದರು. ಜನನ ಪ್ರಮಾಣ ಪತ್ರ ಅಕ್ಕನ ಟ್ರಂಕಿನಲ್ಲಿ ಈಗಲೂ ಇದೆ, ಮರಣದ್ದನ್ನು ಯಾರೂ ಮಾಡಿಸಲಿಲ್ಲ.

ಮುದುಕಿ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಅವಳ ಒಂದು ಮಾತು ಸಂಜೆಯ ಹೊತ್ತಿಗೆ ತೀರ್ಪಾಯಿತು. ಹಾಲು ನೆತ್ತಿಗೆ ಹತ್ತಿದ್ದರೆ ಕುಡಿಸಿದವರು ಯಾರು? ನಿದ್ದೆಗಣ್ಣಲ್ಲಿ ಮಲಗಿಕೊಂಡೇ ಕುಡಿಸಿರಬೇಕು ಎಂದರು ಅತ್ತೆ. ತೇಗಿಸಿಲ್ಲ ಎಂದಳು ನಾದಿನಿ. ಮೂರನೇ ದಿನ ಹಾಲು-ತುಪ್ಪಕ್ಕೆ ಬಂದವರೆಲ್ಲ ಅದನ್ನೇ ಹೇಳಿಕೊಂಡು ಹೋದರು. ಆಮೇಲೆ ಯಾರೂ ಎದುರಿಗೆ ಬೈದವರಿಲ್ಲ, ನಿಜ. ಆದರೆ ನಮ್ಮ ಕಡೆಯ ಯಾವ ಮನೆಯ ತೊಟ್ಟಿಲು ಶಾಸ್ತ್ರದಲ್ಲೂ ಮಗುವನ್ನು ಅಕ್ಕನ ಕೈಗೆ ಕೊಟ್ಟದ್ದನ್ನು ನಾನು ಕಂಡಿಲ್ಲ. ತೊಟ್ಟಿಲ ಕೆಳಗಿಂದ ಮಗುವನ್ನು ದಾಟಿಸುವಾಗ ಅವಳು ಅಡುಗೆಮನೆಯಲ್ಲಿ ಏನೋ ಕೆಲಸ ಮಾಡಿಕೊಂಡು ನಿಂತಿರುತ್ತಾಳೆ. ಆಮೇಲೆ ಅವಳಿಗೇ ಇಬ್ಬರು ಮಕ್ಕಳಾಗಿ ಕಾಲೇಜಿಗೆ ಹೋಗುತ್ತಿದ್ದಾರೆ. ಆದರೂ ಅಡುಗೆಮನೆಯಿಂದ ಆಚೆ ಬರುವುದಿಲ್ಲ.

ಚಿಕ್ಕಮ್ಮ ಕಲ್ಲೆದೆ ಎಂದದ್ದು ನನಗೆ ಚುಚ್ಚಿದ್ದು ಇದಕ್ಕೆ.

ಇಲ್ಲಿಯ ಕಾಯಿದೆಯನ್ನು ಆಮೇಲೆ ಓದಿಕೊಂಡೆ. ಸಾವಿನ ಕಾರಣ ವಿಚಾರಿಸುವ ಕೊರೋನರ್ ಎಂಬ ಅಧಿಕಾರಿ ಇಂಗ್ಲೆಂಡಿಗೆ ಹೊಸಬನಲ್ಲ, 1194ರಿಂದ ಇರುವ ಹುದ್ದೆ. ಮೊದಲಿಗೆ ರಾಜನ ಬೊಕ್ಕಸಕ್ಕೆ ಬರಬೇಕಾದ್ದನ್ನು ಕಾಯುವುದಕ್ಕೆ ಹುಟ್ಟಿದ್ದು. ಈಗ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವುದು 2009ರ ಕಾಯಿದೆ. ಸಾವು ಹಿಂಸೆಯಿಂದಲೋ ಅಸಹಜವಾಗಿಯೋ ಆಗಿದ್ದರೆ, ಬಂಧನದಲ್ಲಿದ್ದಾಗ ಆಗಿದ್ದರೆ, ಇಲ್ಲವೇ ಸಾವಿನ ಕಾರಣವೇ ಗೊತ್ತಿಲ್ಲದಿದ್ದರೆ ಕೊರೋನರ್ ತನಿಖೆ ಮಾಡಲೇಬೇಕು. ಕೊನೆಯದನ್ನು ಗಮನಿಸಿ. ಗೊತ್ತಿಲ್ಲ ಎಂಬುದೊಂದೇ ಸಾಕು. ಯಾರ ಮೇಲೂ ಅನುಮಾನ ಬರಬೇಕಾಗಿಲ್ಲ. ಸತ್ತವರು ಯಾರು, ಎಲ್ಲಿ, ಯಾವಾಗ, ಹೇಗೆ: ಕೊರೋನರ್ ಉತ್ತರಿಸಬೇಕಾದದ್ದು ಇವಕ್ಕೆ. ಇಂಥವರು ಅಪರಾಧಿ ಎಂದು ಹೆಸರಿಸಿ ತೀರ್ಮಾನ ಬರೆಯುವುದಕ್ಕೆ ಅದೇ ಕಾಯಿದೆ ಅವರನ್ನು ಬಿಡುವುದಿಲ್ಲ. ಒಂದು ಸಾವಿನ ತನಿಖೆಯಲ್ಲಿ ಮುಂದೆ ಇನ್ನೊಂದು ಜೀವಕ್ಕೆ ಅಪಾಯ ತರುವಂಥದು ಕಂಡರೆ ಅದನ್ನು ತಡೆಯಬಲ್ಲವರಿಗೆ ಕೊರೋನರ್ ವರದಿ ಕಳಿಸಬೇಕು, ಅವರು 56 ದಿನದೊಳಗೆ ಉತ್ತರ ಕೊಡಬೇಕು.

ಈಗ ನಮ್ಮದನ್ನು ನೋಡಿ. ಕೊರೋನರನ್ನು ಬ್ರಿಟಿಷರು ಹಿಂದೂಸ್ತಾನಕ್ಕೂ ತಂದಿದ್ದರು, 1871ರ ಕಾಯಿದೆ ಕೊಲ್ಕತ್ತ, ಮುಂಬೈಗಳಲ್ಲಿ ನಡೆಯುತ್ತಿತ್ತು. ಮುಂಬೈಯ ಹುದ್ದೆಯೂ 1999ರಲ್ಲಿ ರದ್ದಾಯಿತು. ನಮ್ಮ ಹಳ್ಳಿಗಳಿಗೆ ಉಳಿದಿರುವುದು ಪೊಲೀಸ್ ಠಾಣೆ. ಪೊಲೀಸರು ಸಾವನ್ನು ವಿಚಾರಿಸುವುದಕ್ಕಿದ್ದ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆಯ) 174ನೇ ಕಲಂ ಈಗ ಹೊಸ ಸಂಹಿತೆಯಲ್ಲಿ 194 ಆಗಿದೆ, 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದು ಯಾವಾಗ ಅನ್ವಯಿಸುತ್ತದೆ? ಆತ್ಮಹತ್ಯೆಯಾದರೆ, ಕೊಲೆಯಾದರೆ, ಪ್ರಾಣಿಯಿಂದಲೋ ಯಂತ್ರದಿಂದಲೋ ಅಪಘಾತದಿಂದಲೋ ಸತ್ತರೆ, ಇಲ್ಲವೇ ಬೇರೊಬ್ಬರು ಅಪರಾಧ ಮಾಡಿದ್ದಾರೆಂದು ಅನುಮಾನ ಬರುವಂತಿದ್ದರೆ. ಆಗ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ದಾಖಲಾಗುತ್ತದೆ, ಪಂಚರು ಬರುತ್ತಾರೆ, ಮಹಜರು ಆಗುತ್ತದೆ. ರಾತ್ರಿ ಮಲಗಿ ಬೆಳಗ್ಗೆ ಏಳದ ಹಸುಗೂಸು ಈ ಯಾವ ಬಾಗಿಲಿನಿಂದಲೂ ಒಳಗೆ ಬರುವುದಿಲ್ಲ. ಬರಬೇಕಾದರೆ ಯಾರಾದರೂ ಯಾರ ಮೇಲಾದರೂ ಅನುಮಾನ ಹೇಳಬೇಕು.

ಅಂದರೆ ನಮ್ಮಲ್ಲಿ ವಿಚಾರಿಸುವುದೆಂದರೆ ದೂರುವುದೇ. ಪೊಲೀಸರು ಬಂದರು ಎಂದರೆ ಆ ಮನೆಯ ಮಾನ ಹೋಯಿತು. ಚಿಕ್ಕಮ್ಮನಿಗೆ ಈ ದೇಶ ಕಲ್ಲೆದೆಯದಾಗಿ ಕಂಡದ್ದು ಸಹಜವೇ. ಆದರೆ ಠಾಣೆಯನ್ನು ದೂರವಿಟ್ಟೆವೆಂದು ನಾವು ಸಮಾಧಾನ ಪಟ್ಟುಕೊಳ್ಳುವಾಗ ವಿಚಾರಣೆ ನಿಂತಿರುವುದಿಲ್ಲ. ಅದು ಜಗಲಿಯ ಮೇಲೆ ನಡೆಯುತ್ತದೆ. ಅಲ್ಲಿ ಮರಣೋತ್ತರ ಪರೀಕ್ಷೆಯಿಲ್ಲ, ರಕ್ತದ ವರದಿಯಿಲ್ಲ, ತಾಯಿಗೆ ಬಾಯಿಯಿಲ್ಲ, ಮೇಲ್ಮನವಿಯಂತೂ ಇಲ್ಲವೇ ಇಲ್ಲ.

ಆ ಪ್ರಶ್ನೆಗಳನ್ನು ಕೇಳುವುದು ಕ್ರೌರ್ಯ ಎನ್ನುವವರಿಗೆ ಇನ್ನೊಂದು ಮಾತು. ಎಂಬತ್ತರ ದಶಕದಲ್ಲಿ ಬ್ರಿಸ್ಟಲ್ ಸುತ್ತಮುತ್ತ ಪೀಟರ್ ಫ್ಲೆಮಿಂಗ್ ಎಂಬ ಮಕ್ಕಳ ವೈದ್ಯರೂ ಅವರ ಜೊತೆಯವರೂ ಮಗು ಕಳೆದುಕೊಂಡ ಮನೆಗಳಿಗೆ ಹೋಗಿ ಇದನ್ನೇ ಕೇಳಿದರು: ಹೇಗೆ ಮಲಗಿಸಿದಿರಿ, ಎಷ್ಟು ಹೊದಿಸಿದಿರಿ. ಬದುಕಿರುವ ಮಕ್ಕಳ ಮನೆಗಳಲ್ಲೂ ಕೇಳಿ ಹೋಲಿಸಿದರು. ಬೋರಲು ಮಲಗಿಸುವುದೂ ಅತಿಯಾಗಿ ಹೊದಿಸುವುದೂ ಅಪಾಯ ಎಂಬುದು ಗಟ್ಟಿಯಾಯಿತು. ಆ ಕಾಲಕ್ಕೆ ಇಲ್ಲಿ ಬೋರಲು ಮಲಗಿಸುವುದೇ ವಾಡಿಕೆ, ನರ್ಸ್‌ಗಳೂ ಹಾಗೆಯೇ ಹೇಳಿಕೊಡುತ್ತಿದ್ದರು. 1991ರ ಡಿಸೆಂಬರಿನಲ್ಲಿ ಮಗುವನ್ನು ಬೆನ್ನ ಮೇಲೆ ಮಲಗಿಸಿ ಎಂದು ದೇಶದ ತುಂಬ ಪ್ರಚಾರ ಶುರುವಾಯಿತು. ಅದೇ ವರ್ಷ ತನ್ನ ಕೂಸನ್ನು ಕಳೆದುಕೊಂಡಿದ್ದ ಆನ್ ಡೈಮಂಡ್ ಎಂಬ ಟೀವಿ ನಿರೂಪಕಿ ಅದಕ್ಕೆ ಮುಂದೆ ನಿಂತರು. ಕೆಲವೇ ವರ್ಷಗಳಲ್ಲಿ ಇಂಥ ಸಾವುಗಳು ಅರ್ಧಕ್ಕೂ ಕೆಳಗಿಳಿದವು. ಅಳುತ್ತ ಕೂತಿದ್ದ ಅಪ್ಪ-ಅಮ್ಮಂದಿರು ಆವತ್ತು ಬಾಯಿ ಬಿಟ್ಟು ಉತ್ತರ ಹೇಳಿದ್ದರಿಂದ ಬದುಕಿದ ಮಕ್ಕಳು ಸಾವಿರಾರು.

ನಮ್ಮ ಅಜ್ಜಿಯರು ಮೊದಲಿನಿಂದಲೂ ಕೂಸನ್ನು ಬೆನ್ನ ಮೇಲೆಯೇ ಮಲಗಿಸಿದವರು, ತಾಯಿಯ ಕೋಣೆಯಿಂದ ಆಚೆ ಮಲಗಿಸಿದವರಲ್ಲ. ಬ್ರಾಡ್‌ಫರ್ಡ್ ಊರಿನಲ್ಲಿ ದಕ್ಷಿಣ ಏಷ್ಯಾ ಮೂಲದ ಮನೆಗಳಲ್ಲಿ ಇಂಥ ಸಾವು ಬಿಳಿಯರ ಮನೆಗಳಿಗಿಂತ ಬಹಳ ಕಡಿಮೆ ಎಂಬುದನ್ನು ಸಂಶೋಧಕರು ದಾಖಲಿಸಿದ್ದಾರೆ. ಅದನ್ನು ಓದಿದಾಗ ನನಗೆ ಹೆಮ್ಮೆಯಾಯಿತು, ಹಿಂದೆಯೇ ಸಿಟ್ಟೂ ಬಂತು. ನಮ್ಮವರು ಸರಿಯಾಗಿ ಮಾಡುತ್ತಿರುವುದೇನು ಎಂಬುದನ್ನೂ ಬ್ರಾಡ್‌ಫರ್ಡ್‌ನವರು ಎಣಿಸಿ ಹೇಳಬೇಕಾಯಿತಲ್ಲ! ಅರಸೀಕೆರೆಯ ತೋಟದ ಬದುವಿನಲ್ಲಿ ಎಣಿಸಿದವರು ಯಾರು?

ರೆಡಿಂಗ್‌ನ ಆ ಮನೆಗೆ ವೈದ್ಯೆ ತಿಂಗಳುಗಳ ನಂತರ ಮತ್ತೆ ಬಂದರು. ಅಜ್ಜಿ ಅಷ್ಟರಲ್ಲಿ ವೀಸಾ ಮುಗಿದು ಊರಿಗೆ ಹೋಗಿದ್ದರು, ಅವರನ್ನು ಫೋನಿನಲ್ಲಿ ಸ್ಪೀಕರ್‌ಗೆ ಹಾಕಿಕೊಂಡೆವು. ಎಲ್ಲ ಪರೀಕ್ಷೆಗಳಾಗಿವೆ, ಕಾರಣ ಸಿಗಲಿಲ್ಲ, ನೀವು ಮಾಡಿದ್ದರಿಂದಾಗಲಿ ಮಾಡದೆ ಬಿಟ್ಟದ್ದರಿಂದಾಗಲಿ ಇದು ಆಯಿತೆನ್ನಲು ಏನೂ ಕಂಡಿಲ್ಲ ಎಂದರು ವೈದ್ಯೆ. ಅಜ್ಜಿ ಇನ್ನೊಂದು ಸಲ ಹೇಳಿಸಿದರು. ಆಮೇಲೆ, "ಕುಲಾವಿ ವಿಷ್ಯ?" ಎಂದರು. ಅದಕ್ಕೂ ಉತ್ತರ ಬಂತು. ಕಾಗದದಲ್ಲಿ ಬರೆದೂ ಕೊಟ್ಟರು. ಅದರ ಕನ್ನಡ ರೂಪವನ್ನು ನಾನೇ ಬರೆದು ಅಜ್ಜಿಗೆ ಕಳಿಸಿದೆ. ಯಾರಾದರೂ ಕೇಳಿದರೆ ತೋರಿಸುವುದಕ್ಕೆ ಇರಲಿ ಎಂದರು ಅವರು. ಕೇಳುತ್ತಾರೆಂದು ಅವರಿಗೆ ಗೊತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಈ ದೇಶದ ಇನ್ನೊಂದು ಮುಖವನ್ನು ಮುಚ್ಚಿಟ್ಟರೆ ಸುಳ್ಳಾಗುತ್ತದೆ. ಹೇಳಲು ಮನಸ್ಸಿಲ್ಲ, ಆದರೂ ಹೇಳುತ್ತೇನೆ.

ಸ್ಯಾಲಿ ಕ್ಲಾರ್ಕ್ ಎಂಬ ವಕೀಲೆ. 1996ರಲ್ಲಿ ಒಂದು ಗಂಡುಮಗು, 1998ರಲ್ಲಿ ಇನ್ನೊಂದು, ಎರಡೂ ಹಸುಗೂಸುಗಳಾಗಿದ್ದಾಗಲೇ ಹೋದವು. ಅವಳೇ ಕೊಂದಳೆಂದು 1999ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಅಂಥ ಮನೆಯಲ್ಲಿ ಎರಡು ಮಕ್ಕಳು ಹೀಗೆ ತಾವಾಗಿಯೇ ಸಾಯುವ ಸಂಭವ ಏಳು ಕೋಟಿ ಮೂವತ್ತು ಲಕ್ಷಕ್ಕೊಂದು ಎಂದು ರಾಯ್ ಮೆಡೋ ಎಂಬ ಹೆಸರಾಂತ ಮಕ್ಕಳ ತಜ್ಞ ಸಾಕ್ಷಿ ಹೇಳಿದ್ದರು. ಒಂದೇ ರಕ್ತದ ಅಣ್ಣತಮ್ಮಂದಿರ ಸಾವನ್ನು ಸಂಬಂಧವೇ ಇಲ್ಲದ ಎರಡು ಘಟನೆಗಳೆಂಬಂತೆ ಗುಣಿಸಿದ ಲೆಕ್ಕ ಅದು. ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿ ಈ ಲೆಕ್ಕಕ್ಕೆ ಆಧಾರವಿಲ್ಲ ಎಂದು ಬಹಿರಂಗವಾಗಿ ಹೇಳಿತು. ಒಂದು ಮಗುವಿನ ದೇಹದಲ್ಲಿ ಸೋಂಕಿನ ಕುರುಹು ತೋರಿಸಿದ್ದ ವರದಿಯನ್ನು ಶವಪರೀಕ್ಷೆ ಮಾಡಿದ ವೈದ್ಯ ಹೊರಗೆ ಬಿಟ್ಟಿರಲಿಲ್ಲ. 2003ರ ಜನವರಿಯಲ್ಲಿ ಅವಳ ಬಿಡುಗಡೆಯಾಯಿತು. 2007ರಲ್ಲಿ ತೀರಿಕೊಂಡಳು, ಮೊದಲಿನ ಹಾಗೆ ಆಗಲೇ ಇಲ್ಲ. ಆಂಜೆಲಾ ಕ್ಯಾನಿಂಗ್ಸ್ ಎಂಬ ಇನ್ನೊಬ್ಬ ತಾಯಿಗೂ ತನ್ನ ಕೂಸುಗಳನ್ನು ಕೊಂದಳೆಂದು ಶಿಕ್ಷೆಯಾಗಿತ್ತು, 2003ರ ಕೊನೆಯಲ್ಲಿ ಬಿಡುಗಡೆ.

ಆ ವರ್ಷವೇ ನಮ್ಮ ರೆಡಿಂಗ್‌ನ ಕೋರ್ಟಿನಲ್ಲಿ ತೃಪ್ತಿ ಪಟೇಲ್ ಎಂಬ ಭಾರತ ಮೂಲದ ಔಷಧ ತಜ್ಞೆ ತನ್ನ ಮೂರು ಕೂಸುಗಳನ್ನು ಕೊಂದ ಆರೋಪ ಹೊತ್ತು ನಿಂತಿದ್ದಳು. ಭಾರತದಿಂದ ಅವಳ ವಯಸ್ಸಾದ ಅಜ್ಜಿ ವಿಮಾನ ಹತ್ತಿ ಬಂದು, ತನ್ನ ಹನ್ನೆರಡು ಮಕ್ಕಳಲ್ಲಿ ಐದು ಹಸುಗೂಸಾಗಿದ್ದಾಗಲೇ ಹೋದವೆಂದು ದುಭಾಷಿಯ ಮೂಲಕ ಹೇಳಿದರು. ಜ್ಯೂರಿ ಎರಡು ಗಂಟೆಯೂ ತೆಗೆದುಕೊಳ್ಳದೆ ನಿರ್ದೋಷಿ ಎಂದಿತು. ಇದನ್ನು ಓದುವಾಗಲೆಲ್ಲ ನನಗೆ ಅನ್ನಿಸುತ್ತದೆ: ಆ ಐದು ಸಾವುಗಳನ್ನು ಆವತ್ತೇ ಯಾರಾದರೂ ವಿಚಾರಿಸಿ, ಈ ವಂಶದಲ್ಲಿ ಏನೋ ಇದೆ ಎಂದು ಬರೆದಿಟ್ಟಿದ್ದರೆ, ಮೊಮ್ಮಗಳು ಕಟಕಟೆಗೆ ಬರುವ ಮೊದಲೇ ಆ ಕಾಗದ ಬರುತ್ತಿತ್ತು.

ಚಾಪೆಯ ಮೇಲೆ ಕೂತ ಆ ವೈದ್ಯೆಯ ಸೌಜನ್ಯ ಈ ತಾಯಂದಿರ ಕಣ್ಣೀರಿನಿಂದ ಬಂದದ್ದು. ಈ ಪ್ರಕರಣಗಳ ನಂತರವೇ ಹೆಲೆನಾ ಕೆನಡಿ ಎಂಬ ವಕೀಲೆಯ ಅಧ್ಯಕ್ಷತೆಯಲ್ಲಿ ಸಮಿತಿ ಕೂತು, 2004ರಲ್ಲಿ ಇಂಥ ಸಾವನ್ನು ಹೇಗೆ ವಿಚಾರಿಸಬೇಕು, ಮನೆಯವರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬ ಕ್ರಮವನ್ನು ಬರೆದಿಟ್ಟಿತು. 2016ರಲ್ಲಿ ಅದನ್ನು ಪರಿಷ್ಕರಿಸಿದರು. 2008ರಿಂದ ಇಂಗ್ಲೆಂಡಿನಲ್ಲಿ ಹದಿನೆಂಟರೊಳಗಿನ ಪ್ರತಿ ಮಗುವಿನ ಸಾವನ್ನೂ ಒಂದು ಸಮಿತಿ ಪರಿಶೀಲಿಸಲೇಬೇಕು. ಆದರೂ ಪೊಲೀಸರು ಬಂದೇ ಬರುತ್ತಾರೆ. ಬಾಗಿಲಲ್ಲಿ ಶೂ ಬಿಚ್ಚಿದರೂ ಪೊಲೀಸ್ ಪೊಲೀಸೇ. ಆ ಹುಡುಗ, ಮಗುವಿನ ಅಪ್ಪ, ಅವರು ಇದ್ದಷ್ಟು ಹೊತ್ತೂ ಎದ್ದು ನಿಂತೇ ಇದ್ದ. ಚಿಕ್ಕಮ್ಮನ ಮಾತಿನಲ್ಲಿ ಅಷ್ಟು ಸತ್ಯವಿದೆ.

ಇನ್ನೂ ಒಂದಿದೆ. ಮಗುವಿನ ದೇಹ ಮನೆಯವರ ಕೈಗೆ ಬರುವುದಕ್ಕೆ ವಾರಗಳು ಹಿಡಿದವು. ಹಸುಗೂಸಿನ ಶವಪರೀಕ್ಷೆಯನ್ನು ಮಕ್ಕಳ ಪೆಥಾಲಜಿ ಓದಿದವರೇ ಮಾಡಬೇಕು, ಅಂಥವರು ಇಲ್ಲಿ ಬೆರಳೆಣಿಕೆಯಷ್ಟು. ಆ ವಾರಗಳಲ್ಲಿ ಮನೆ ಹೇಗಿತ್ತೆಂದರೆ, ನೆರೆಯವರು ಬಾಗಿಲ ಸಂದಿಯಿಂದ ಕಾರ್ಡ್ ತೂರಿಸಿ ಹೋಗುತ್ತಿದ್ದರು. ಬೆಲ್ ಒತ್ತಿದರೆ ತೊಂದರೆಯಾದೀತೆಂಬ ಸಂಕೋಚ. ನಮ್ಮ ಕನ್ನಡ ಬಳಗದ ಹೆಂಗಸರು ಸರದಿ ಹಾಕಿಕೊಂಡು ಅನ್ನ-ಸಾರು ಮಾಡಿ ಒಯ್ದೆವು, ರಾತ್ರಿ ಒಬ್ಬರಾದರೂ ಅಲ್ಲೇ ಮಲಗಿದೆವು. ಅಕ್ಕನ ಮನೆಯಲ್ಲಿ ಆ ದಿನಗಳಲ್ಲಿ ಒಲೆ ಹಚ್ಚಬೇಕಾಗಿರಲಿಲ್ಲ, ಊರೇ ಬಂದು ಕೂತಿತ್ತು. ಬಾಯಿಗೆ ಬಂದದ್ದು ಆಡಿದರು ನಿಜ, ಅವಳ ತಲೆ ಬಾಚಿದವರೂ ಅವರೇ. ಎದೆಹಾಲು ಕಟ್ಟಿಕೊಂಡು ಜ್ವರ ಬಂದಾಗ ರಾತ್ರಿಯಿಡೀ ಪಕ್ಕದಲ್ಲಿದ್ದು ನೋಡಿಕೊಂಡವರು ಇದೇ ಚಿಕ್ಕಮ್ಮ. ಇಲ್ಲಿಯ ಯಾವ ಕಾಯಿದೆಯಲ್ಲೂ ಅದಕ್ಕೆ ಕಲಂ ಇಲ್ಲ.

ನಮ್ಮಲ್ಲಿ ಏನೂ ಇಲ್ಲ ಎನ್ನುವುದೂ ಈಗ ಪೂರ್ತಿ ನಿಜವಲ್ಲ. 2014ರಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಮಕ್ಕಳ ಸಾವಿನ ಪರಿಶೀಲನೆಗೆ ಮಾರ್ಗಸೂಚಿ ಬಂದಿದೆ. ಐದು ವರ್ಷದೊಳಗಿನ ಮಗು ತೀರಿಕೊಂಡರೆ ಆಶಾ ಕಾರ್ಯಕರ್ತೆ ಸುದ್ದಿ ಮುಟ್ಟಿಸಬೇಕು, ಎಎನ್‌ಎಂ, ಅಂದರೆ ಊರಿನ ಆರೋಗ್ಯ ಸಹಾಯಕಿ, ಮನೆಗೆ ಹೋಗಿ ವಿಚಾರಿಸಬೇಕು, ಆಯ್ದ ಪ್ರಕರಣಗಳಲ್ಲಿ ಮನೆಯವರನ್ನು ವಿವರವಾಗಿ ಕೇಳಿ ಸಾವಿನ ಕಾರಣ ಹುಡುಕಬೇಕು, ಜಿಲ್ಲೆಯ ಸಮಿತಿ ಅದನ್ನು ನೋಡಬೇಕು. ಪೊಲೀಸರಿಲ್ಲದ ವಿಚಾರಣೆ ಇದು. ಕೇಳುವವಳು ಅದೇ ಊರಿನವಳು, ಚಾಪೆಯ ಮೇಲೆ ಕೂರುವುದನ್ನು ಯಾರೂ ಕಲಿಸಬೇಕಾಗಿಲ್ಲದವಳು. ಇಂಗ್ಲೆಂಡಿನದಕ್ಕಿಂತ ಇದು ನಮಗೆ ಹೆಚ್ಚು ಒಗ್ಗುತ್ತದೆ ಎಂದು ಒಪ್ಪಿಕೊಳ್ಳುತ್ತೇನೆ. ಅಕ್ಕನ ಮಗು ಹೋದಾಗ ಇದಿನ್ನೂ ಬಂದಿರಲಿಲ್ಲ.

ನನ್ನ ತಕರಾರು ಒಂದೇ. ಕಾಗದ ಹಳ್ಳಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಂಗಳೂರಿಗೆ ಹತ್ತಿಕೊಂಡು ಹೋಗುತ್ತದೆ, ಅಂಕಿಯಾಗುತ್ತದೆ. ತಾಯಿಯ ಹತ್ತಿರಕ್ಕೆ ವಾಪಸು ಬರುವ ದಾರಿಯೂ ಅಷ್ಟೇ ಗಟ್ಟಿಯಾಗಬೇಕು. ಕೇಳಿ ಬರೆದುಕೊಂಡು ಹೋದ ಹೆಣ್ಣುಮಗಳೇ ಉತ್ತರ ಹಿಡಿದುಕೊಂಡು ಮತ್ತೆ ಆ ಮನೆಗೆ ಹೋಗಬೇಕು. ಕಾರಣ ಸಿಕ್ಕಿದ್ದರೆ ಇಂಥದು ಎಂದು, ಸಿಗದಿದ್ದರೆ ಸಿಗಲಿಲ್ಲ, ನಿನ್ನಿಂದ ಆದದ್ದಲ್ಲ ಕಣವ್ವ ಎಂದು ಕನ್ನಡದಲ್ಲಿ ಓದಿ ಹೇಳಬೇಕು. ತಾಯಿಯನ್ನು ಒಳಗೆ ಕರೆದು ಗುಟ್ಟಾಗಿ ಹೇಳಿದರೆ ಸಾಲದು. ನಡುಮನೆಯಲ್ಲಿ, ಅತ್ತೆಯ ಎದುರಿಗೇ ಹೇಳಬೇಕು.